ಖರೇ ಮದುವಿಗೆ ಪುರಾವೆ ಏನೈತ್ರೀ?

ಅಮೆರಿಕದ ವಲಸೆ ಇಲಾಖೆಯ ಲೆಕ್ಕ ಹಿಡಿದರೆ ಹಾವೇರಿ ಜಿಲ್ಲೆಯಲ್ಲಿ ಇವತ್ತಿನವರೆಗೂ ಒಂದೇ ಒಂದು ಮದುವೆ ನಡೆದಿಲ್ಲ. 1997ರಲ್ಲಿ ಜಿಲ್ಲೆಯಾದಾಗಿನಿಂದ ಮಾತ್ರವಲ್ಲ, ಧಾರವಾಡದ ಕೈಕೆಳಗೆ ಇದ್ದ ಕಾಲದಿಂದಲೂ ನಡೆದಿಲ್ಲ. ಇಲಾಖೆ ಹಾಗಂತ ಬಾಯಿಬಿಟ್ಟು ಹೇಳಿಲ್ಲ, ನಿಜ. ಅದು ಕೇಳುವ ಪ್ರಶ್ನೆಗಳೇ ಹೇಳುತ್ತವೆ. ನೀವಿಬ್ಬರೂ ಮೊದಲ ಸಲ ಭೇಟಿಯಾದದ್ದು ಎಲ್ಲಿ? ಮದುವೆಯ ಮಾತನ್ನು ಇಬ್ಬರಲ್ಲಿ ಯಾರು ಮೊದಲು ಎತ್ತಿದಿರಿ? ಹುಟ್ಟುಹಬ್ಬಕ್ಕೆ ಏನು ಉಡುಗೊರೆ ಕೊಟ್ಟಿರಿ? ಮಂಚದ ಯಾವ ಮಗ್ಗುಲಿಗೆ ಯಾರು ಮಲಗುತ್ತೀರಿ? ಆಕೆಯ ಹಲ್ಲುಜ್ಜುವ ಬ್ರಶ್ ಯಾವ ಬಣ್ಣದ್ದು? ಅನುಮಾನ ಬಲವಾದರೆ ಗಂಡನನ್ನು ಒಂದು ಕೋಣೆಯಲ್ಲಿ, ಹೆಂಡತಿಯನ್ನು ಇನ್ನೊಂದರಲ್ಲಿ ಕೂಡಿಸಿ ಇದನ್ನೇ ಕೇಳಿ ಉತ್ತರ ತಾಳೆ ನೋಡುತ್ತಾರೆ.

ಈ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬ್ಯಾಡಗಿಯ ಯಾವುದೇ ಓಣಿಗೆ ಬನ್ನಿ. ನಲವತ್ತು ವರ್ಷ ಸಂಸಾರ ಮಾಡಿ, ನಾಲ್ಕು ಮಕ್ಕಳ ಮದುವೆ ಮುಗಿಸಿದ ಹಿರಿಯರನ್ನೇ ಕಟ್ಟೆಯ ಮೇಲೆ ಕೂಡಿಸಿ ಕೇಳಿ.

‘ಹೆಂಡತಿಯನ್ನು ಮೊದಲು ನೋಡಿದ್ದು?’

‘ಅಕ್ಕಿಕಾಳು ಬಿದ್ದ ಮ್ಯಾಲೆ, ಸರ. ಅದಕ್ಕೂ ಮೊದ್ಲ ನಮ್ಮಪ್ಪ ನೋಡಿದ್ದ.’

‘ಮದುವೆಯ ಮಾತು ಎತ್ತಿದವರು?’

‘ಸ್ವಾದರಮಾವ.’

‘ಹೆಂಡತಿಯ ಹುಟ್ಟಿದ ದಿನ?’

‘ಕಾರಹುಣ್ಣಿವಿ ಆಜೂಬಾಜೂ ಅಂತಿದ್ಲು ನಮ್ಮತ್ತಿ. ವರ್ಷ ಅಕೀಗೂ ಗೊತ್ತಿಲ್ಲ.’

‘ಬ್ರಶ್ಶಿನ ಬಣ್ಣ?’

‘ಬೇವಿನ ಕಡ್ಡೀರಿ.’

ಅರ್ಜಿ ವಜಾ. ಮದುವೆ ಬೋಗಸ್. ನಾಲ್ಕು ಮಕ್ಕಳೂ ವಂಚನೆಯ ಸಾಕ್ಷ್ಯ.

ಇಲಾಖೆಯ ಅನುಮಾನಕ್ಕೂ ಕಾರಣ ಇದೆ ಬಿಡಿ. ಕಾಗದದ ಮೇಲೆ ಗಂಡಹೆಂಡಿರಾಗಿ ದೇಶದೊಳಗೆ ಕಾಲಿಟ್ಟು, ಆಮೇಲೆ ನಿನ್ನ ದಾರಿ ನಿನಗೆ ನನ್ನ ದಾರಿ ನನಗೆ ಅಂದವರು ಇದ್ದಾರೆ. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರ ಹೆಂಡಂದಿರಿಗೆಂದು ಅಮೆರಿಕ ಬಾಗಿಲು ತೆರೆದಾಗ, ಪ್ಯಾರಿಸ್ಸಿಗೆ ಹೋಗಿ ಬಾಡಿಗೆ ಮದುವೆ ಮಾಡಿಕೊಂಡು ಬಂದವರ ಮೊಕದ್ದಮೆ 1953ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಶಿಕ್ಷೆ ಖಾಯಂ ಆಯಿತು. 1986ರಲ್ಲಿ ಇದಕ್ಕೆಂದೇ ಕಾಯ್ದೆ ಬಿಗಿ ಮಾಡಿದರು. ಹೊಸ ಮದುವೆಯಾದರೆ ಹಸಿರು ಕಾರ್ಡೂ ಷರತ್ತಿನದೇ, ಎರಡು ವರ್ಷದ ಮಟ್ಟಿಗೆ. ಅವಧಿ ಮುಗಿಯುವ ಮುನ್ನ ಇಬ್ಬರೂ ಕೂಡಿ ಅರ್ಜಿ ಹಾಕಿ ‘ನಾವು ಇನ್ನೂ ಗಂಡಹೆಂಡಿರೇ ಇದ್ದೇವೆ’ ಅಂತ ರುಜುವಾತು ಕೊಡಬೇಕು. ಕಾಯ್ದೆ ತಪ್ಪಿಸಲಿಕ್ಕೆಂದೇ ಮದುವೆಯಾದದ್ದು ಸಾಬೀತಾದರೆ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ಒಮ್ಮೆ ಈ ಮೊಹರು ಬಿದ್ದವನಿಗೆ ಮುಂದೆ ಖರೇ ಹೆಂಡತಿ ಸಿಕ್ಕರೂ ಆಕೆಯ ಅರ್ಜಿಯ ಮೇಲೆ ಹೋಗಲಿಕ್ಕಾಗದು.

ಈ ಕಾಯ್ದೆ ಹುಟ್ಟಿದ ಕಥೆ ನಮ್ಮ ಊರಿನ ಕಟ್ಟೆ ಪಂಚಾಯ್ತಿಗೂ ಶೋಭಿಸುವಂಥದ್ದು. 1985ರಲ್ಲಿ ವಲಸೆ ಇಲಾಖೆಯವರು ಸೆನೆಟ್ ಸಮಿತಿಯ ಮುಂದೆ ನಿಂತು, ವಲಸೆಗೆ ಆಧಾರವಾದ ಮದುವೆಗಳಲ್ಲಿ ನೂರಕ್ಕೆ 30 ಬೋಗಸ್ ಅಂದರು. ಸಮಿತಿ ಬೆಚ್ಚಿತು, ಕಾಯ್ದೆ ಬಂತು. ಆಮೇಲೆ ಕೋರ್ಟಿನಲ್ಲಿ ಹುಳುಕು ಹೊರಬಿತ್ತು: ಆ 30ರಲ್ಲಿ ಸಾಬೀತಾದ ಮೋಸದ ಲೆಕ್ಕವೇ ಇರಲಿಲ್ಲ, ಅಧಿಕಾರಿಗಳಿಗೆ ಬಂದ ಅನುಮಾನದ ಲೆಕ್ಕವಿತ್ತು. ಅನುಮಾನ ಎಣಿಸಿ ಕಾಯ್ದೆ ಮಾಡುವ ಕಲೆ ನಮ್ಮ ಅತ್ತೆಯಂದಿರದು ಮಾತ್ರ ಅಂದುಕೊಂಡಿದ್ದೆವು.

ಪುರಾವೆಯ ಯಾದಿಯನ್ನೂ ನೋಡಿ. ಜಂಟಿ ಬ್ಯಾಂಕ್ ಖಾತೆ. ನಮ್ಮಲ್ಲಿ ಹುಡುಗನ ಜಂಟಿ ಖಾತೆ ಅವರವ್ವನ ಜೊತೆ ಇರುತ್ತದೆ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರು. ನಮ್ಮಲ್ಲಿ ಮನೆ ಅಜ್ಜನ ಹೆಸರಿಗಿದೆ, ಅಜ್ಜ ತೀರಿಕೊಂಡು ಹದಿನೆಂಟು ವರ್ಷ, ಅಣ್ಣತಮ್ಮಂದಿರ ದಾವೆ ರಾಣೆಬೆನ್ನೂರು ಕೋರ್ಟಿನಲ್ಲಿದೆ. ಇಬ್ಬರೂ ಆಡಿದ ವಾಟ್ಸಾಪ್ ಮಾತು. ‘ಎಷ್ಟೊತ್ತಿಗೆ ಬರ್ತೀರಿ’, ‘ಹಾಲು ತಗೊಂಡ್ ಬರ್ರಿ’, ಅದರ ಕೆಳಗೆ ನೀಲಿ ಗೆರೆ ಎರಡು. ಫೋಟೊ? ಅದೊಂದಕ್ಕೆ ಕೊರತೆಯಿಲ್ಲ, ಕಲ್ಯಾಣ ಮಂಟಪದ ಒಂದೂವರೆ ಸಾವಿರ ಫೋಟೊ ಇವೆ. ಎಲ್ಲದರಲ್ಲೂ ಬೀಗರು, ಶಾಸಕರು, ಏಲಕ್ಕಿ ಹಾರ ಹಾಕಿಸಿಕೊಂಡ ಸ್ವಾಮಿಗಳು. ನಡುವೆ ನಿಂತ ಇಬ್ಬರು ಒಬ್ಬರನ್ನೊಬ್ಬರು ನೋಡಿದ ಒಂದು ಫೋಟೊ ಹುಡುಕಿಕೊಡಿರಿ ಅಂದರೆ ಫೋಟೊಗ್ರಾಫರನೂ ಕೈಚೆಲ್ಲುತ್ತಾನೆ.

ಆದರೆ ನಿಜವಾದ ಪೇಚು ದುಡ್ಡಿನದು. ಅವರ ಪ್ರಕಾರ ಮದುವೆಗೆ ಮುಂಚೆ ದುಡ್ಡು ಕೈಬದಲಾಯಿತು ಅಂದರೆ ಅದೇ ಮೋಸದ ಮೊದಲ ಗುರುತು. ಮಧ್ಯದಲ್ಲಿ ದಲ್ಲಾಳಿ ಇದ್ದು ಅವನು ಕಮಿಷನ್ ತಗೊಂಡಿದ್ದರೆ ಎರಡನೆಯ ಗುರುತು. ಇಬ್ಬರಿಗೂ ಸರಿಯಾಗಿ ಪರಿಚಯವೇ ಇಲ್ಲದಿದ್ದರೆ ಮೂರನೆಯದು. ನಮ್ಮ ಕಡೆ ಈ ಮೂರೂ ಕೂಡಿದರೆ ‘ದೈವ ಕೂಡಿ ಬಂತು’ ಅನ್ನುತ್ತೇವೆ. ಹಿರಿಯರು ಜಮಖಾನೆ ಹಾಸಿ ಕೂತು ಯಾದಿ ಹಾಕುತ್ತಾರೆ: ಬಂಗಾರ ಇಷ್ಟು ತೊಲಿ, ಹುಡುಗನ ಕೈಗೆ ಇಷ್ಟು, ಕಾರು ಯಾವ ಕಂಪನಿಯದು, ಊಟಕ್ಕೆ ಎಷ್ಟು ಎಲೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಓದಿದ ವಕೀಲರೇ ಅನೇಕ ಸಲ ಯಾದಿ ಬರೆಯುವವರು, ಯಾಕೆಂದರೆ ಅವರ ಅಕ್ಷರ ಚಲೋ ಇರುತ್ತದೆ. ಏನೂ ಬೇಡ ಅಂದ ಹುಡುಗನ ಮೇಲೆಯೇ ಊರಿಗೆ ಅನುಮಾನ: ‘ಏನರ ಐಬ್ ಇರ್ಬೇಕು ನೋಡ್ರಿ, ಇಲ್ಲಂದ್ರ ಪುಕ್ಕಟೆ ಯಾಕ ಬರ್ತಾನ?’ ಅಮೆರಿಕದ ಅಧಿಕಾರಿ ದುಡ್ಡು ಕಂಡರೆ ಮದುವೆ ಸುಳ್ಳು ಅನ್ನುತ್ತಾನೆ. ನಮ್ಮವರು ದುಡ್ಡು ಕಾಣದಿದ್ದರೆ.

ಸರ್ಕಾರ ನಡೆಸುವವರಿಗೂ ಈ ತಿಳಿವಳಿಕೆ ಇದೆ. ರೈತರ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ ಅಂತ 2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಏಪ್ರಿಲ್ ಹೊತ್ತಿಗೆ ಚುನಾವಣೆ ಬಂತು. ರೈತರ ಮಕ್ಕಳನ್ನು ಮದುವೆಯಾಗುವ ಹುಡುಗಿಗೆ ಎರಡು ಲಕ್ಷ ಕೊಡುತ್ತೇವೆ ಅಂತ ಎಚ್.ಡಿ. ಕುಮಾರಸ್ವಾಮಿ ಕೋಲಾರದಲ್ಲಿ ಮಾತುಕೊಟ್ಟರು. ಅವರ ಪಕ್ಷ ಗೆಲ್ಲಲಿಲ್ಲ, ಹುಡುಗಿಯರು ಬರಲಿಲ್ಲ. ಬಂದಿದ್ದರೆ ಅಷ್ಟೂ ಮದುವೆಗಳನ್ನು ವೀಸಾ ಕಚೇರಿ ಸಾಮೂಹಿಕವಾಗಿ ವಜಾ ಮಾಡುತ್ತಿತ್ತು. ಮಹದೇಶ್ವರ ಬೆಟ್ಟಕ್ಕೆ ಹೋಗಲು ವೀಸಾ ಬೇಕಿಲ್ಲ ಅನ್ನುವುದೇ ಪುಣ್ಯ.

ಹಾವೇರಿಯಲ್ಲೂ ಹೊಲದ ಹುಡುಗನಿಗೆ ಹೆಣ್ಣು ಕೊಡುವವರು ಕಡಿಮೆ. ಇಪ್ಪತ್ತು ಎಕರೆ ನೀರಾವರಿ, ಎರಡು ಟ್ರ್ಯಾಕ್ಟರ್, ಮನೆ ಮುಂದೆ ನಾಲ್ಕು ಎಮ್ಮೆ ಇದ್ದರೂ ಹುಡುಗಿಯ ತಾಯಿ ಕೇಳುವುದು ಒಂದೇ: ‘ಹುಡುಗ ಬೆಂಗಳೂರಾಗದಾನೇನ್ರಿ?’ ಬೆಂಗಳೂರಿನಲ್ಲಿದ್ದಾನೆ ಅಂದರೆ ಮುಂದಿನ ಪ್ರಶ್ನೆ: ‘ಹೊರದೇಶಕ್ಕ ಹೋಗೂದೈತೇನು?’ ಹೀಗೆ ದೇಶದೊಳಗೆ ಶುರುವಾದ ವಲಸೆ ಅಟ್ಲಾಂಟಿಕ್ ದಾಟುತ್ತದೆ. ರಾಣೆಬೆನ್ನೂರಿನ ಒಬ್ಬ ತಾಯಿಗೆ ಎಚ್-1ಬಿ, ಎಚ್-4, ಐ-140 ಇವುಗಳ ಭೇದ ಮನೆಯ ಅಡಿಗೆ ಡಬ್ಬಿಗಳಷ್ಟೇ ಪರಿಚಿತ. ಎಚ್-4 ಅಂದರೆ ಮಗಳು ಹೋಗಬಹುದು, ದುಡಿಯುವಂತಿಲ್ಲ. ಅಳಿಯನ ಹಸಿರು ಕಾರ್ಡಿಗೆಂದು ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿದ್ದರೆ 2015ರ ನಿಯಮದ ಪ್ರಕಾರ ದುಡಿಯಲಿಕ್ಕೂ ಅರ್ಜಿ ಹಾಕಬಹುದು. ಮಗಳ ಬಿ.ಇ. ಎಲೆಕ್ಟ್ರಾನಿಕ್ಸ್ ಪದವಿ ಏನಾಯಿತು ಅಂತ ಕೇಳಿದರೆ, ‘ಅದು ಮದುವಿ ಬಯೋಡೇಟಾಕ್ಕ ಬೇಕಿತ್ರಿ’ ಎಂಬ ಉತ್ತರ ತಯಾರಿದೆ.

ಆಮೇಲೆ ಹಸಿರು ಕಾರ್ಡಿನ ಸರದಿ. ನೌಕರಿಯ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಕಾರ್ಡು, ಯಾವುದೇ ಒಂದು ದೇಶಕ್ಕೆ ಶೇ 7ಕ್ಕಿಂತ ಹೆಚ್ಚು ಇಲ್ಲ. ಲಕ್ಸೆಂಬರ್ಗಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಸ್ನಾತಕೋತ್ತರ ಪದವಿಯ ಭಾರತೀಯನೊಬ್ಬ ಇವತ್ತು ಸರದಿಗೆ ನಿಂತರೆ 151 ವರ್ಷ ಕಾಯಬೇಕಾದೀತು ಅಂತ 2018ರಲ್ಲಿ ಅಮೆರಿಕದ ಕೇಟೊ ಸಂಸ್ಥೆ ಲೆಕ್ಕ ಹಾಕಿತ್ತು. ಅದೇ ಅಮೆರಿಕದ ನಾಗರಿಕಳನ್ನು ಮದುವೆಯಾದರೆ ಸರದಿಯೂ ಇಲ್ಲ, ಶೇ 7ರ ಗೆರೆಯೂ ಇಲ್ಲ. ಒಂದು ಕಡೆ 151 ವರ್ಷ, ಇನ್ನೊಂದು ಕಡೆ ಒಂದು ಸಹಿ. ಇಂಥ ಗಣಿತ ಬರೆದಿಟ್ಟು, ಆಮೇಲೆ ಹುಡುಗರಿಗೆ ಕಳ್ಳ ಯೋಚನೆ ಯಾಕೆ ಬರುತ್ತದೆ ಅಂತ ಇಲಾಖೆ ತಲೆ ಕೆಡಿಸಿಕೊಳ್ಳುತ್ತದೆ.

ಒಂದು ಮಾತು ನಗದೇ ಹೇಳಬೇಕು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕು ತೀರಿಕೊಂಡ ವೈದ್ಯ ವಿದ್ಯಾರ್ಥಿ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವನು. ಪಿಯುಸಿಯಲ್ಲಿ ಶೇ 97 ಅಂಕ ತೆಗೆದರೂ ಇಲ್ಲಿ ಸೀಟು ಸಿಗಲಿಲ್ಲ ಅಂತ ಅವನ ತಂದೆ ಆವತ್ತು ಹೇಳಿದ್ದರು. ಈ ಜಿಲ್ಲೆಯಿಂದ ಹೊರದೇಶಕ್ಕೆ ಹೋಗುವವರೆಲ್ಲ ಶೋಕಿಗೆ ಹೋಗುವುದಿಲ್ಲ. ಓದಿನ ದಾರಿ ಹಿಡಿದವನು ಅಲ್ಲಿಯವರೆಗೆ ಹೋಗಬೇಕಾಯಿತು. ಮದುವೆಯ ದಾರಿ ಹಿಡಿದವರನ್ನು ಕಂಡು ಮಾತ್ರ ನಾವು ಬಾಯಿತುಂಬ ನಗುತ್ತೇವೆ.

ಪಂಜಾಬಿನವರು ಇದನ್ನು ನಮಗಿಂತ ನೇರವಾಗಿ ಮಾಡುತ್ತಾರೆ. ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಚಲೋ ಬ್ಯಾಂಡ್ ತೆಗೆದ ಹುಡುಗಿ ಬೇಕು, ಓದಿನ ಖರ್ಚೆಲ್ಲ ಹುಡುಗನ ಕಡೆಯವರದು ಅಂತ ಪತ್ರಿಕೆಯಲ್ಲೇ ಜಾಹೀರಾತು ಕೊಡುತ್ತಾರೆ. ಹುಡುಗಿ ವಿದ್ಯಾರ್ಥಿ ವೀಸಾದ ಮೇಲೆ ಕೆನಡಾಕ್ಕೆ, ಹುಡುಗ ಆಕೆಯ ಗಂಡನಾಗಿ ಹಿಂದೆ. ಅಲ್ಲಿ ಹೋದ ಮೇಲೆ ಫೋನ್ ಎತ್ತದಿರುವುದು ಹುಡುಗಿಯ ಸರದಿ. ವರದಕ್ಷಿಣೆಯ ದಿಕ್ಕು ತಿರುಗಿಸಲು ಈ ದೇಶದ ಸಮಾಜ ಸುಧಾರಕರಿಗೆ ನೂರು ವರ್ಷದಲ್ಲಿ ಆಗದ್ದನ್ನು ಒಂದು ಇಂಗ್ಲಿಷ್ ಪರೀಕ್ಷೆ ಹತ್ತು ವರ್ಷದಲ್ಲಿ ಮಾಡಿತು. ರಾಣೆಬೆನ್ನೂರಿನ ತಾಯಂದಿರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ. ತಲುಪಿದ ದಿನ ಹೆಣ್ಣುಮಕ್ಕಳ ಟ್ಯೂಷನ್ ಫೀಗೆ ಗಂಡಿನ ಕಡೆಯವರು ಪಾಳಿ ಹಚ್ಚುತ್ತಾರೆ.

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿಗೆ ಆ ದಿನ ಮರೆಯುವಂಥದ್ದಲ್ಲ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಒಮ್ಮೆಲೇ ಬಿದ್ದಿತು ಅಂತ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಅದೇ ದಿನದಿಂದ ಬ್ರಿಟನ್ನಿನಲ್ಲಿ ಇನ್ನೊಂದು ದರ ಬಿದ್ದದ್ದು ಇಲ್ಲಿ ಯಾರ ಗಮನಕ್ಕೂ ಬರಲಿಲ್ಲ: ವೃದ್ಧರ, ರೋಗಿಗಳ ಆರೈಕೆ ಕೆಲಸಕ್ಕೆ ಬರುವವರು ಇನ್ನು ಮುಂದೆ ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ. ನಿಮ್ಮ ಕೈ ಬೇಕು, ನಿಮ್ಮ ಮನೆಯವರು ಬೇಡ. ಒಂದು ತಿಂಗಳು ಕಳೆದು, ಅಲ್ಲಿನ ನಾಗರಿಕರೇ ಹೊರಗಿನ ಸಂಗಾತಿಯನ್ನು ಕರೆಸಿಕೊಳ್ಳಬೇಕೆಂದರೂ ಇರಬೇಕಾದ ವಾರ್ಷಿಕ ಆದಾಯವನ್ನು 18,600 ಪೌಂಡಿನಿಂದ 29,000ಕ್ಕೆ ಏರಿಸಿದರು. ಒಲವಿಗೂ ಕನಿಷ್ಠ ಬೆಂಬಲ ಬೆಲೆ ಘೋಷಿಸಿದ ಸರ್ಕಾರ ಅದು. ನಮ್ಮ ಮೆಣಸಿನಕಾಯಿಗೆ ಅಂಥದ್ದೊಂದು ಕೊಡಿರಿ ಅಂತ ರೈತರು ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ.

ಅಸಲಿ ನಕಲಿಯ ಕಷ್ಟ ಬ್ಯಾಡಗಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮುದ್ರೆ ಬಿತ್ತು. ಹೆಸರಿಗೆ ಬೆಲೆ ಬಂದ ಕೂಡಲೇ ಆಂಧ್ರದ ಕಡೆಯ ಕಾಯಿಗೂ ಈ ಮನೆತನದ ಮೇಲೆ ಪ್ರೀತಿ ಉಕ್ಕಿತು. ಲಾರಿಯಲ್ಲಿ ಬಂದು, ಬ್ಯಾಡಗಿ ಚೀಲದಲ್ಲಿ ಕೂತು, ಬ್ಯಾಡಗಿ ಹೆಸರಿನಲ್ಲಿ ಮುಂದಿನ ಊರಿಗೆ ಹೊರಟಿತು ಅಂತ ಇಲ್ಲಿ ದೂರು ಇದ್ದೇ ಇದೆ. ಆದರೆ ಪಳಗಿದ ದಲಾಲರ ಮುಂದೆ ಆ ಆಟ ನಡೆಯದು. ಒಂದು ಕಾಯಿ ಎತ್ತಿ, ಸುಕ್ಕು ನೋಡಿ, ಮುರಿದು ಮೂಸಿದರೆ ಮುಗಿಯಿತು. ಖಾರ ಹೆಚ್ಚಾಗಿ ಬಣ್ಣ ಕಡಿಮೆಯಾದರೆ ಗುಟ್ಟು ರಟ್ಟು. ಮದುವೆಯನ್ನು ಹಾಗೆ ಮುರಿದು ಮೂಸುವಂತಿದ್ದರೆ ವೀಸಾ ಅಧಿಕಾರಿಗಳಿಗೆ ಎಷ್ಟು ಅನುಕೂಲವಾಗುತ್ತಿತ್ತು!

ಆಗದು ಅಂತಲೇ 1975ರಲ್ಲಿ ಅಮೆರಿಕದ ಒಂದು ಮೇಲ್ಮನವಿ ಕೋರ್ಟು ಒರೆಗಲ್ಲೊಂದನ್ನು ಕೊಟ್ಟಿತು: ಮದುವೆಯಾದ ಗಳಿಗೆಯಲ್ಲಿ ಕೂಡಿ ಬಾಳುವ ಇರಾದೆ ಇಬ್ಬರಿಗೂ ಇತ್ತೆ? ಆಮೇಲೆ ಬೇರೆಯಾದರೂ ಪರವಾಗಿಲ್ಲ, ಆ ಗಳಿಗೆ ಮುಖ್ಯ. ಕೇಳಲಿಕ್ಕೆ ಬಲು ಚೆಂದ. ಆದರೆ ತಾಳಿ ಕಟ್ಟುವ ಗಳಿಗೆಯಲ್ಲಿ ನಮ್ಮ ಹುಡುಗನ ಇರಾದೆ ಪೂರ್ತಿ ವಿಡಿಯೊದವನ ಕೈಯಲ್ಲಿರುತ್ತದೆ. ಹುಡುಗಿಯ ಇರಾದೆ ಏನು ಅಂತ ಆ ಮಂಟಪದಲ್ಲಿ ಕೇಳಿದವರು ಯಾರು? ಮುಂಬೈ ಕಾನ್ಸುಲೇಟಿನ ಗಾಜಿನ ಕಿಂಡಿಯ ಆಚೆ ಕೂತ ಪರದೇಶದವನೇ ಆಕೆಯನ್ನು ಈ ಪ್ರಶ್ನೆ ಕೇಳುವ ಮೊದಲ ಮನುಷ್ಯ ಆಗಿರಬಹುದು. ಅವನೂ ಆಕೆಯ ಮೇಲಿನ ಕಾಳಜಿಯಿಂದ ಕೇಳುವುದಿಲ್ಲ.

ಆದ್ದರಿಂದ ತಯಾರಿ ನಡೆಯುತ್ತದೆ. ಖರೇ ಗಂಡಹೆಂಡಿರೇ ಸುಳ್ಳು ಗಂಡಹೆಂಡಿರ ಹಾಗೆ ಉರು ಹಚ್ಚುತ್ತಾರೆ. ಮದುವೆಯಾಗಿ ಇಪ್ಪತ್ತು ದಿನಕ್ಕೆ ವಿಮಾನ ಹತ್ತಿದ ಗಂಡ, ಇಲ್ಲಿ ಉಳಿದ ಹೆಂಡತಿ, ನಡುವೆ ಹನ್ನೊಂದೂವರೆ ತಾಸಿನ ಅಂತರ, ವಿಡಿಯೊ ಕರೆಯಲ್ಲಿ ಪರೀಕ್ಷೆಯ ಅಭ್ಯಾಸ.

‘ನಿಮಗ ಏನ್ ತಿನ್ನಾಕ ಸೇರತೈತ್ರೀ?’

‘ಎಣಗಾಯಿ. ನಿನಗ?’

‘ನಂಗ ಬದನಿಕಾಯಿ ಆಗಿ ಬರೂದಿಲ್ರೀ.’

‘ಹೌದಾ? ಮತ್ತ ನಮ್ಮವ್ವ ದಿನಾ ಮಾಡಿ ನೀಡ್ತಿದ್ಲು?’

‘ಸುಮ್ನ ಉಂಡೆ.’

ವೀಸಾ ಅಧಿಕಾರಿಯ ಭಯ ಇರದಿದ್ದರೆ ಈ ಬದನೆಕಾಯಿಯ ಸತ್ಯ ಇಪ್ಪತ್ತು ವರ್ಷವಾದರೂ ಹೊರಗೆ ಬರುತ್ತಿರಲಿಲ್ಲ. ನಮ್ಮ ಎಷ್ಟೋ ಸಂಸಾರಗಳಲ್ಲಿ ಗಂಡ ಹೆಂಡತಿಯನ್ನು ‘ನಿನಗೇನು ಇಷ್ಟ’ ಅಂತ ಮೊದಲ ಸಲ ಕೇಳಿದ್ದು ವಾಷಿಂಗ್ಟನ್ನಿನ ಕಟ್ಟಪ್ಪಣೆಯ ಮೇಲೆ.

ಹಿರಿಯ ಹೆಣ್ಣುಮಕ್ಕಳದು ಇನ್ನೊಂದು ಫಜೀತಿ. ಮಗ ನಾಗರಿಕನಾಗಿ ತಂದೆತಾಯಿಗೆ ಅರ್ಜಿ ಹಾಕುತ್ತಾನೆ. ಕಿಂಡಿಯ ಆಚೆಯವನು ‘ಗಂಡನ ಹೆಸರು ಹೇಳಿ’ ಅನ್ನುತ್ತಾನೆ. ಐವತ್ತು ವರ್ಷ ಬಾಯಲ್ಲಿ ಆಡದ ಹೆಸರು! ಹೇಳಲೇಬೇಕೆಂದರೆ ಒಡಪು ಹಚ್ಚಿ ಹೇಳಬೇಕು: ‘ಹಾವೇರಿ ಪ್ಯಾಟ್ಯಾಗ ಏಲಕ್ಕಿ ಹಾರ, ಬಸವರಾಜರ ಹೆಸರ ಹೇಳೇನಿ, ಒತ್ತರಿ ಸಾಹೇಬ್ರ ಮೊಹರ!’ ಇದನ್ನು ದುಭಾಷಿ ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಕಚೇರಿಯ ವೇಳೆ ಮುಗಿದಿರುತ್ತದೆ.

ಅಮೆರಿಕದ ಕಾಯ್ದೆಗೆ ನಮ್ಮ ಪದ್ಧತಿ ಪೂರ್ತಿ ಗೊತ್ತಿಲ್ಲ ಅಂತಲೂ ಹೇಳುವಂತಿಲ್ಲ. ಹಿರಿಯರು ಕೂಡಿಸಿದ ಮದುವೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಸುಳ್ಳು ಅನ್ನುವಂತಿಲ್ಲ. ಮದುವೆಯಾಗಬೇಕಾದ ಹುಡುಗಿಯನ್ನು ಕರೆಸಿಕೊಳ್ಳುವ ಕೆ-1 ವೀಸಾಕ್ಕೆ, ಅರ್ಜಿಗೆ ಮುಂಚಿನ ಎರಡು ವರ್ಷದೊಳಗೆ ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು ಅನ್ನುವ ನಿಯಮ ಇದೆ. ಅದಕ್ಕೊಂದು ವಿನಾಯಿತಿಯೂ ಇದೆ: ತಂದೆತಾಯಿಯೇ ಮದುವೆ ಗೊತ್ತು ಮಾಡುವ, ಮದುವೆಗೆ ಮುಂಚೆ ಹುಡುಗ ಹುಡುಗಿ ಭೇಟಿಯಾಗಬಾರದೆಂಬ ಕಟ್ಟುನಿಟ್ಟಿನ ಹಳೆಯ ಪದ್ಧತಿ ಇದ್ದರೆ ಮಾಫಿ. ಅಂದರೆ, ನಾವು ಒಬ್ಬರನ್ನೊಬ್ಬರು ನೋಡಿಯೇ ಇಲ್ಲ ಅಂತ ಪುರಾವೆ ಸಮೇತ ಸಾಬೀತು ಮಾಡಿದರೆ ಸಂಬಂಧ ಖರೇ ಆದೀತು. ಇದನ್ನು ಓದಿದ ನಮ್ಮ ಹಿರಿಯರು ಬೈಡನ್ನೋ ಟ್ರಂಪೋ, ಯಾರಾದರೂ ಸರಿ, ಒಬ್ಬರಿಗೆ ಏಲಕ್ಕಿ ಹಾರ ಕಳಿಸಬೇಕಿತ್ತು.

ಅನುಮಾನಕ್ಕೆ ಅಧಿಕಾರ ಸಿಕ್ಕರೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ 1979ರ ಜನವರಿಯ ಲಂಡನ್ನಿನ ಹೀಥ್ರೂ ನಿಲ್ದಾಣ ಸಾಕು. 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರು ಮದುವೆಯಾಗಲೆಂದು ಅಲ್ಲಿ ಇಳಿದರು. ಆಗಿನ ನಿಯಮದ ಪ್ರಕಾರ, ಮದುವೆಯಾಗಲು ಬರುವವಳಿಗೆ ಮುಂಚಿತ ವೀಸಾ ಬೇಡ. ಆಗಲೇ ಹೆಂಡತಿಯಾಗಿದ್ದವಳು ಮಾತ್ರ ಕಾಗದಪತ್ರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಈಕೆ ಮದುವೆಯಾಗಿಯೂ ಆಗಿಲ್ಲ ಅನ್ನುತ್ತಿರಬಹುದು ಎಂಬ ಗುಮಾನಿ ಅಧಿಕಾರಿಗಳಿಗೆ ಬಂತು. ಪರಿಹಾರ ಅಂತ ಅವರಿಗೆ ಹೊಳೆದದ್ದು, ವೈದ್ಯನನ್ನು ಕರೆಸಿ ಕನ್ಯತ್ವ ಪರೀಕ್ಷೆ ಮಾಡಿಸುವುದು. ಮಾಡಿಸಿದರು. ಗಾರ್ಡಿಯನ್ ಪತ್ರಿಕೆ ಬಯಲು ಮಾಡಿದ ಮೇಲೆ ನಿಲ್ಲಿಸಿದರು. ಒಂದೆರಡು ಸಲ ಆಗಿರಬಹುದು ಅಂತ ಸರ್ಕಾರ ಹೇಳಿತ್ತು. ಮೂರು ದಶಕ ಕಳೆದು ಕಡತ ತೆಗೆದ ಸಂಶೋಧಕರಿಗೆ 80ಕ್ಕೂ ಹೆಚ್ಚು ಹೆಣ್ಣುಮಕ್ಕಳ ಲೆಕ್ಕ ಸಿಕ್ಕಿತು, ಹೆಚ್ಚಿನವರು ನಮ್ಮ ಈ ಉಪಖಂಡದಲ್ಲೇ ಪರೀಕ್ಷೆಗೆ ಒಳಗಾದವರು. 80ರ ದಶಕದಲ್ಲಿ ಅದೇ ದೇಶ ಇನ್ನೊಂದು ನಿಯಮ ಬಿಗಿ ಮಾಡಿತು: ನಿನ್ನ ಮದುವೆಯ ಮುಖ್ಯ ಉದ್ದೇಶ ಇಲ್ಲಿಗೆ ಬರುವುದಲ್ಲ ಅಂತ ನೀನೇ ರುಜುವಾತು ಮಾಡು. ಇಲ್ಲದ ಉದ್ದೇಶಕ್ಕೆ ಸಾಕ್ಷಿ ತರುವ ಆ ಆಟ 1997ರವರೆಗೆ ನಡೆಯಿತು.

ಬಿಳಿಯರನ್ನಷ್ಟೇ ಬೈದು ಕೈತೊಳೆದುಕೊಳ್ಳುವ ಹಾಗಿಲ್ಲ. 2023ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರಿನಲ್ಲಿ ಪೊಲೀಸರು ಒಂದು ಜೋಡಿಯನ್ನು ಹಿಡಿದರು. ಹುಡುಗ ಉತ್ತರ ಪ್ರದೇಶದವನು, ಇಲ್ಲಿ ಸೆಕ್ಯುರಿಟಿ ಗಾರ್ಡ್. ಹತ್ತೊಂಬತ್ತರ ಹುಡುಗಿ ಪಾಕಿಸ್ತಾನದ ಸಿಂಧ್ ಪ್ರಾಂತದವಳು. ಮೊಬೈಲಿನಲ್ಲಿ ಲೂಡೊ ಆಡುತ್ತ ಪರಿಚಯ, ನೇಪಾಳದಲ್ಲಿ ಮದುವೆ, ಅಲ್ಲಿಂದ ಗಡಿ ದಾಟಿ ಬೆಂಗಳೂರು, ಹೆಸರು ಬದಲಿಸಿದ ಆಧಾರ್ ಕಾರ್ಡು. ವಲಸೆ ಇಲಾಖೆಯ ಪ್ರಶ್ನೆಪತ್ರಿಕೆಯನ್ನು ಇವರ ಮುಂದಿಟ್ಟಿದ್ದರೆ ನೂರಕ್ಕೆ ನೂರು ಬರುತ್ತಿತ್ತು! ಮೊದಲ ಭೇಟಿ ಎಲ್ಲಿ ಅಂದರೆ ಲೂಡೊದಲ್ಲಿ. ಮಾತು ಎತ್ತಿದವರು ಯಾರು ಅಂದರೆ ತಾವೇ. ದುಡ್ಡು ಕೈಬದಲಾಗಿಲ್ಲ, ದಲ್ಲಾಳಿ ಇಲ್ಲ, ಸ್ವಾದರಮಾವ ಇಲ್ಲ. ಮದುವೆ ಖರೇ, ಕಾಗದ ಸುಳ್ಳು. ಫೆಬ್ರುವರಿಯಲ್ಲಿ ಹುಡುಗಿಯನ್ನು ವಾಘಾ ಗಡಿಯಿಂದ ವಾಪಸು ಕಳಿಸಿದರು. ಕಾಗದ ಖರೇ ಇದ್ದು ಮದುವೆ ಸುಳ್ಳಾಗಿದ್ದ ಎಷ್ಟು ಜೋಡಿ ಅದೇ ತಿಂಗಳು ಬೆಂಗಳೂರಿನಿಂದ ವಿಮಾನ ಹತ್ತಿದವೋ, ಅವರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿರಬೇಕು.

ನಮ್ಮ ಸರ್ಕಾರದ ಅನುಮಾನವೂ ಸಣ್ಣದಲ್ಲ. ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು ಬೇಕೆಂದರೆ ಮದುವೆ ನೋಂದಣಿಯಾಗಿ ಎರಡು ವರ್ಷ ಬಾಳಿ ತೋರಿಸಬೇಕು, ಮೇಲೆ ಭದ್ರತಾ ತಪಾಸಣೆ. ಖೊಟ್ಟಿ ಪ್ರಯಾಣ ದಾಖಲೆ ಹಿಡಿದು ಬಂದರೆ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಡಿ ಎರಡರಿಂದ ಏಳು ವರ್ಷ ಜೈಲು, 10 ಲಕ್ಷದವರೆಗೆ ದಂಡ. ಸರಹದ್ದಿನ ವಿಷಯ ಬಂದರೆ ಎಲ್ಲ ಸರ್ಕಾರಗಳೂ ಬಹಳ ಚುರುಕು.

ಈಗ ಸರಹದ್ದಿಗೆ ಒಂದು ಗೀರೂ ಬೀಳದ ಮೋಸಕ್ಕೆ ಬರೋಣ. ಹುಡುಗ ಮೂರು ವಾರದ ರಜೆ ಹಾಕಿ ಬರುತ್ತಾನೆ. ಸೋಮವಾರ ಹೆಣ್ಣು ನೋಡಿ, ಗುರುವಾರ ಯಾದಿ ಮೇಲೆ ಶಾದಿ. ಮುಂದಿನ ವಾರ ಗೋವಾ. ಅದರ ಮುಂದಿನ ವಾರ, ‘ವೀಸಾ ಕಳಿಸ್ತೀನಿ’ ಅಂತ ವಿಮಾನ. ಮೊದಲು ದಿನಾ ಫೋನ್, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಅವರವ್ವನ ಮೂಲಕ. ಕೊನೆಗೆ ಟೆಕ್ಸಾಸಿನದೋ ನ್ಯೂಜೆರ್ಸಿಯದೋ ಕೋರ್ಟಿನಿಂದ ಇಂಗ್ಲಿಷಿನ ಲಕೋಟೆ. ಹುಡುಗನಿಗೆ ಅಲ್ಲಿ ಮೊದಲೇ ಸಂಸಾರವಿತ್ತು ಅಂತ ಕೆಲವು ಸಲ ಗೊತ್ತಾಗುತ್ತದೆ. ಕೆಲವು ಸಲ ಊರಿನ ತಂದೆತಾಯಿಯನ್ನು ನೋಡಿಕೊಳ್ಳಲು ಒಬ್ಬಳು ಬೇಕಿತ್ತಷ್ಟೇ ಅಂತ. ಇಲ್ಲಿಯ ಕಾಯ್ದೆಯ ಕಾರಣಗಳಿಗೆ ಹೊಂದದ ಅಂಥ ವಿಚ್ಛೇದನ ಇಲ್ಲಿ ನಡೆಯದು ಅಂತ 1991ರಲ್ಲೇ ನಮ್ಮ ಸುಪ್ರೀಂ ಕೋರ್ಟು ಹೇಳಿದೆ. ಫಲ ಏನಾಯಿತು ಅಂದರೆ, ಆಕೆ ಹಾವೇರಿಯಲ್ಲಿ ಹೆಂಡತಿ, ಅಮೆರಿಕದಲ್ಲಿ ಯಾರೂ ಅಲ್ಲ. ಅವನಿಗೆ ಎರಡೂ ಕಡೆ ಅನುಕೂಲ. ಇಪ್ಪತ್ತು ತೊಲಿ ಬಂಗಾರ ಎಲ್ಲಿದೆ ಅಂತ ಯಾವ ವಲಸೆ ಇಲಾಖೆಯೂ ಕೇಳದು, ಯಾಕೆಂದರೆ ಬಂಗಾರ ವೀಸಾ ಕೇಳಿರಲಿಲ್ಲ.

ಬೀಗರ ಮನೆಯ ಪಾಯಸದ ರುಚಿ ಒಂದು ವಾರ ಹೊಗಳುವ ನಮ್ಮ ಹಿರಿಯರು ಹುಡುಗನ ಪಾಸ್‌ಪೋರ್ಟನ್ನು ಒಂದು ನಿಮಿಷ ತಿರುವಿ ನೋಡುವುದಿಲ್ಲ. ಕೇಳಿದರೆ ಅಪಮಾನ ಆಗುತ್ತದಂತೆ. ಅವನ ಸಂಬಳದ ಚೀಟಿ, ಅಲ್ಲಿಯ ವಿಳಾಸ, ಹಿಂದಿನ ಮದುವೆಯ ಸಂಗತಿ ಇವನ್ನೆಲ್ಲ ಕೇಳುವ ಧೈರ್ಯ ಇರುವುದು ಕಿಂಡಿಯ ಆಚೆಯ ಮನುಷ್ಯನಿಗೆ ಮಾತ್ರ. ಅವನು ಕೇಳುವುದು ತನ್ನ ದೇಶಕ್ಕೆ ಮೋಸ ಆಗಬಾರದು ಅಂತ. ಮಗಳಿಗೆ ಮೋಸ ಆಗಬಾರದು ಅಂತ ಕೇಳಬೇಕಾದವರು ಊಟಕ್ಕೆ ಎಷ್ಟು ಎಲೆ ಅನ್ನುವುದರಲ್ಲಿ ಮುಳುಗಿರುತ್ತಾರೆ.

ಕಾಯ್ದೆ ಇಲ್ಲವೇ ಅಂದರೆ, ಇದೆ. ಮದುವೆ ನೋಂದಣಿ ಕಡ್ಡಾಯ ಮಾಡುವ ಕಾಯ್ದೆಯನ್ನು ಕರ್ನಾಟಕ 1976ರಲ್ಲೇ ಬರೆಯಿತು. ಎಲ್ಲ ರಾಜ್ಯಗಳೂ ಕಡ್ಡಾಯ ಮಾಡಿರಿ ಅಂತ ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು. ಫೆಬ್ರುವರಿ 14ರಂದು, ಪ್ರೇಮಿಗಳ ದಿನ, ಕೋರ್ಟಿಗೂ ಹಾಸ್ಯಪ್ರಜ್ಞೆ ಇದ್ದೀತು. ಹಾವೇರಿ ಜಿಲ್ಲೆಯ ಉಪನೋಂದಣಿ ಕಚೇರಿಗಳಲ್ಲಿ ಹೊಲ ಮಾರುವವರ ಗದ್ದಲ ಇರುತ್ತದೆ. ಮದುವೆ ನೋಂದಾಯಿಸಲು ಬಂದವರಿದ್ದರೆ ಯಾಕೆ ಬಂದಿರಿ ಅಂತ ಕೇಳಿ ನೋಡಿ. ‘ವೀಸಾಕ್ಕ ಬೇಕಂತ್ರಿ’ ಅನ್ನುವವರೇ ಬಹಳ.

ಅನಿವಾಸಿ ಭಾರತೀಯರ ಮದುವೆಯನ್ನು 30 ದಿನದೊಳಗೆ ನೋಂದಾಯಿಸಬೇಕು, ತಪ್ಪಿಸಿಕೊಂಡವನ ಪಾಸ್‌ಪೋರ್ಟ್ ಜಪ್ತು ಮಾಡಬಹುದು ಅನ್ನುವ ಮಸೂದೆಯನ್ನು 2019ರ ಫೆಬ್ರುವರಿ 11ರಂದು ಸುಷ್ಮಾ ಸ್ವರಾಜ್ ರಾಜ್ಯಸಭೆಯಲ್ಲಿ ಮಂಡಿಸಿದರು. ಸ್ಥಾಯಿ ಸಮಿತಿಗೆ ಹೋಯಿತು. ಸಮಿತಿ ವರದಿ ಕೊಟ್ಟಿತು. 2024ರ ಫೆಬ್ರುವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಮತ್ತೆ, ಇಂಥದ್ದೊಂದು ಸಮಗ್ರ ಕಾಯ್ದೆ ಬೇಕು ಅಂದಿತು; ಆಗ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಹೈಕೋರ್ಟಿನಲ್ಲೇ ಮುಖ್ಯ ನ್ಯಾಯಮೂರ್ತಿಯಾಗಿದ್ದ ಋತುರಾಜ್ ಅವಸ್ಥಿ. ಹಸಿರು ಕಾರ್ಡಿನ ಸರದಿ ಮಾತ್ರ ಉದ್ದ ಅಂತ ಯಾರು ಹೇಳಿದ್ದು?

2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕ ಹಾಕಿದ ಮೇಲೆ ನಮ್ಮ ದಲ್ಲಾಳಿ ಮಾಮಾಗಳು ಒಂದು ವಾರ ಫೋನ್ ಎತ್ತಲಿಲ್ಲ. ಎಂಟನೆಯ ದಿನ ಹೊಸ ಸ್ಟಾಕು ತಗೊಂಡು ಬಂದರು.

‘ಅಮೆರಿಕ ಈಗ ಡಲ್ ಐತ್ರೀ ಗೌಡ್ರ. ಜರ್ಮನಿ ನಡದೈತಿ. ಒಂದು ಐರ್ಲೆಂಡ್ ಐತಿ, ಎರಡನೇ ಸಂಬಂಧ, ಆದ್ರ ಪಿಆರ್ ಆಗೇತಿ.’

‘ಜರ್ಮನಿ ಹುಡುಗ ಹೆಂಗದಾನ್ರಿ?’

‘ಬ್ಲೂ ಕಾರ್ಡ್, ಸರ. ನಾಕು ವರ್ಷದ್ದು.’

‘ಹುಡುಗನ್ನ ನಾ ಕೇಳಿದ್ದು.’

‘ಅದನ್ನ ಹೇಳಾಕ ಹತ್ತೀನಲ್ರೀ,’ ಅಂದ ಮಾಮಾ ಬ್ಯಾಗಿನಿಂದ ಫೋಟೊ ತೆಗೆದ. ಅದು ಆ ಕಾರ್ಡಿನ ಎರಡೂ ಬದಿಯ ಝೆರಾಕ್ಸ್ ಆಗಿತ್ತು. ಗೌಡರು ಕನ್ನಡಕ ಏರಿಸಿಕೊಂಡು ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಅವಧಿ ಮುಗಿಯುವ ತಾರೀಖನ್ನು ಬೆರಳಿಟ್ಟು ಓದಿದರು. ಆಮೇಲೆ ಒಳಗೆ ತಿರುಗಿ ಕೂಗಿದರು: ‘ಯವ್ವಾ, ಚಾ ತಗೊಂಬಾ. ಹುಡುಗ ಚಲೋ ಕಾಣತಾನ.’